ಮಳೆಯ ಬೂಷ್ಟಿಗೆ ನಾನು ಯಾಕೆ ದುಡ್ಡು ಕೊಡಬೇಕು? ಮಡಿಕೇರಿ ಮನೆ ಖಾಲಿ ಮಾಡಿದಾಗ ಅಡ್ವಾನ್ಸ್‌ನಲ್ಲಿ 27,500 ಹಿಡಿದಿದ್ದಾರೆ

ಮಡಿಕೇರಿ ಟೀಚರ್ · ಆಗಸ್ಟ್ 3

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೂರೂವರೆ ವರ್ಷ ಮಡಿಕೇರಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆ. ಹಾಲ್, ಎರಡು ರೂಮು, ಅಡುಗೆಮನೆ, ಹಿಂದೆ ಸಣ್ಣ ಅಂಗಳ. ಹಂಚಿನ ಮಾಡು, ಹಳೇ ಗೋಡೆ, ಕೆಂಪು ನೆಲ. ಬಾಡಿಗೆ 9,000, ಅಡ್ವಾನ್ಸ್ 60,000. ವರ್ಗಾವಣೆ ಆಯಿತು, ಜುಲೈ ಕೊನೆಗೆ ಖಾಲಿ ಮಾಡಿದೆ. ಹೊರಡುವ ಮುಂಚೆ ಎರಡು ದಿನ ನಾನು, ನನ್ನ ತಂಗಿ ಸೇರಿ ಇಡೀ ಮನೆ ತೊಳೆದೆವು. ಕಿಟಕಿ ಸರಳನ್ನೂ ಒಂದೊಂದಾಗಿ ಒರೆಸಿದ್ದೇವೆ.

ನಿನ್ನೆ ಅಕೌಂಟಿಗೆ 32,500 ಮಾತ್ರ ಬಂತು. ಕೇಳಿದ್ದಕ್ಕೆ ಓನರ್ ಆಂಟಿ ಕಳಿಸಿದ ಲೆಕ್ಕ ಇದು: ಪೇಂಟಿಂಗ್ 9,000, ಡೀಪ್ ಕ್ಲೀನಿಂಗ್ 14,000, ಬಾತ್‌ರೂಮ್ ಟೈಲ್ಸ್‌ಗೆ ಆಸಿಡ್ ವಾಶ್ 2,500, ಅಂಗಳದ ಕಳೆ ತೆಗೆಸಿದ್ದು 2,000.

ಪೇಂಟಿಂಗ್ ಬಗ್ಗೆ ನನ್ನ ತಕರಾರು ಇಲ್ಲ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತ ಅಗ್ರಿಮೆಂಟಲ್ಲೇ ಇತ್ತು, ನಾನೇ ಸಹಿ ಹಾಕಿದ್ದೆ. ಆದರೆ 14,000? ಕೇಳಿದರೆ, "ಹಿಂದಿನ ರೂಮಿನ ಗೋಡೆ ಪೂರ್ತಿ ಬೂಷ್ಟು ಹಿಡಿದಿದೆ, ನೀವು ಒಳಗೆ ಬಟ್ಟೆ ಒಣಗಿಸಿ ಹಾಳು ಮಾಡಿದ್ದೀರಿ" ಅಂದರು. ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಹೊರಗೆ ಒಣಗಿಸುವವರು ಯಾರಿದ್ದಾರೆ ಹೇಳಿ.

ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಬೇರೆ. ಇವರು ಪುತ್ತರಿ ಹಬ್ಬಕ್ಕೆ ಪ್ರತಿ ವರ್ಷ ನನಗೆ ತಂಬುಟ್ಟು ಮಾಡಿ ತಂದು ಕೊಟ್ಟವರು. ಜ್ವರ ಬಂದಾಗ ಗಂಜಿ ಮಾಡಿ ಕಳಿಸಿದವರು. ಅವರ ಬಾಯಲ್ಲಿ ನಾನು ಮನೆ ಗಲೀಜು ಮಾಡಿದವಳು ಅಂತ ಬಂದದ್ದು ತಡೆಯೋಕೆ ಆಗುತ್ತಿಲ್ಲ. ಏನು ಮಾಡಲಿ?

ಕುಶಾಲನಗರದವ

ಅಕ್ಕ, ನನಗೂ ಹೀಗೇ ಆಗಿತ್ತು. 8,000 ಹಿಡಿದರು, ಸುಮ್ನೆ ಬಿಟ್ಟೆ. ಊರು ಚಿಕ್ಕದು. ಸಂತೆಯಲ್ಲಿ ಸಿಗುತ್ತಾರೆ, ಮದುವೆ ಮನೆಯಲ್ಲಿ ಎದುರಿಗೆ ಕೂರುತ್ತಾರೆ. ಮುಖ ಕೆಡಿಸಿಕೊಳ್ಳೋದು ಬೇಡ ಅನ್ನಿಸಿತು. ಆದರೆ ಇವತ್ತಿಗೂ ಆ ಮನೆ ಮುಂದೆ ಹೋದರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ.

ತೋಟದಮನೆ, ವಿರಾಜಪೇಟೆ

ನಾನು ಓನರ್. ನಮ್ಮದೂ ಎರಡು ಮನೆ ಬಾಡಿಗೆಗಿದೆ. ನಮ್ಮ ಕಡೆಯ ಮಾತನ್ನೂ ಕೇಳಿ.

ಹೋದ ವರ್ಷ ಒಂದು ಕುಟುಂಬ ಖಾಲಿ ಮಾಡಿತು. ಅಡುಗೆಮನೆ ಗೋಡೆಯಲ್ಲಿ ಜಿಡ್ಡು ಎಷ್ಟಿತ್ತೆಂದರೆ, ಕೈ ಇಟ್ಟರೆ ಅಂಟುತ್ತಿತ್ತು. ಸಿಂಕ್ ಕೆಳಗೆ ಕೊಳೆತ ಈರುಳ್ಳಿ ಮೂಟೆ. ಇಬ್ಬರು ಹೆಂಗಸರನ್ನು ಕರೆದು ಎರಡು ದಿನ ಉಜ್ಜಿಸಿದೆ. ಕೂಲಿ, ಸೋಪು, ಬ್ಲೀಚಿಂಗ್ ಪೌಡರ್ ಎಲ್ಲ ಸೇರಿ 3,200 ಆಯಿತು. ಅದನ್ನು ಹಿಡಿದೆ, ಚೀಟಿ ಕೊಟ್ಟೆ, ಅವರೂ ಒಪ್ಪಿದರು.

ಅದಕ್ಕೇ ಹೇಳುತ್ತಿದ್ದೇನೆ, ಎರಡು ರೂಮಿನ ಮನೆಗೆ 14,000 ಬರೀ ಕ್ಲೀನಿಂಗ್ ಆಗಿರಲಿಕ್ಕಿಲ್ಲ. ಅದರೊಳಗೆ ಬೇರೆ ಏನೋ ಸೇರಿದೆ. ಜಗಳಕ್ಕೆ ಹೋಗಬೇಡಿ. ಮೊದಲು ಬಿಲ್ ಕೇಳಿ. ಯಾವ ಕೆಲಸಕ್ಕೆ ಎಷ್ಟು ಅಂತ ಬಿಡಿಸಿ ಬರೆದ ಬಿಲ್. ಒಟ್ಟು ಮೊತ್ತ ನೋಡಿ ವಾದ ಮಾಡಿದರೆ ಎಲ್ಲಿಗೂ ಮುಟ್ಟುವುದಿಲ್ಲ.

ಗಾರೆ ಕೆಲಸ

ಟೀಚರ್, ಬೂಷ್ಟು ಎಲ್ಲಿ ಹಿಡಿದಿತ್ತು? ಮೇಲೆಯಾ ಕೆಳಗೆಯಾ? ಒಂದೇ ಗೋಡೆಗಾ, ಎಲ್ಲ ಗೋಡೆಗೂನಾ? ಫೋಟೊ ಇದ್ದರೆ ನೋಡಿ ಹೇಳಿ.

ಯಾಕೆ ಕೇಳಿದೆ ಅಂದರೆ, ಗೋಡೆಗೆ ತೇವ ಬರುವುದಕ್ಕೆ ಮೂರು ದಾರಿ. ಒಂದು, ಒಳಗಿನ ಗಾಳಿಯಲ್ಲಿರುವ ತೇವ ತಣ್ಣನೆ ಗೋಡೆಗೆ ತಾಗಿ ನೀರಾಗುವುದು. ಬಟ್ಟೆ ಒಣಗಿಸಿದರೆ, ಕಿಟಕಿ ಮುಚ್ಚಿ ಅಡುಗೆ ಮಾಡಿದರೆ ಆಗುವುದು ಇದು. ಆಗ ಬೂಷ್ಟು ಚುಕ್ಕಿ ಚುಕ್ಕಿಯಾಗಿ ಮೂಲೆಗಳಲ್ಲಿ, ಬೀರು ಹಿಂದೆ, ಗಾಳಿ ಆಡದ ಕಡೆ ಏಳುತ್ತದೆ. ಎರಡು, ಹೊರಗಿನಿಂದ ನೀರು ಗೋಡೆಯೊಳಗೆ ಇಳಿಯುವುದು. ಹಂಚು ಒಡೆದಿದ್ದರೆ, ಸೂರಿನ ದೋಣಿ (ಮಾಡಿನ ಮಳೆನೀರು ಹರಿದು ಹೋಗುವ ಕಾಲುವೆ) ಸೋರುತ್ತಿದ್ದರೆ ಒಂದೇ ಜಾಗದಲ್ಲಿ ದೊಡ್ಡ ಮಚ್ಚೆ ಬರುತ್ತದೆ, ಪೇಂಟ್ ಉಬ್ಬುತ್ತದೆ. ಮೂರು, ನೆಲದಿಂದ ನೀರು ಮೇಲೆ ಏರುವುದು. ಹಳೇ ಮನೆಗಳ ತಳಪಾಯದಲ್ಲಿ ತೇವ ತಡೆಯುವ ಪದರ ಇಲ್ಲದಿದ್ದರೆ ಹೀಗಾಗುತ್ತದೆ. ಆಗ ಮೊಣಕಾಲು, ಸೊಂಟದ ಎತ್ತರದಲ್ಲಿ ಒಂದು ಗೆರೆ ಎಳೆದ ಹಾಗೆ ಇರುತ್ತದೆ. ಅದರ ಹತ್ತಿರ ಬಿಳಿ ಪುಡಿ ಕೂತಿರುತ್ತದೆ. ಉಗುರಲ್ಲಿ ಕೆರೆದರೆ ಉದುರುತ್ತದೆ, ಅದು ಮಣ್ಣಿನ, ಗಾರೆಯ ಉಪ್ಪು.

ಎರಡನೇದು ಮೂರನೇದು ಆದರೆ ನೀವು ಒಳಗೆ ಏನೇ ಮಾಡಿ, ಮಾಡದೇ ಇರಿ, ಆ ಗೋಡೆ ಒದ್ದೆಯೇ.

ಇನ್ನೂ ಮನೆಯಲ್ಲಿ ಇರುವವರಿಗೆ ಒಂದು ಸುಲಭದ ಪರೀಕ್ಷೆ: ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಮೇಲೆ, ರೂಮಿನ ಕಡೆ ನೀರು ಕೂತರೆ ಅದು ಗಾಳಿಯ ತೇವ. ಹಾಳೆಯ ಹಿಂದೆ ಕೂತರೆ ಗೋಡೆಯೊಳಗಿಂದ ಬಂದದ್ದು.

ಮಡಿಕೇರಿ ಟೀಚರ್ · ಆಗಸ್ಟ್ 4

ಅಣ್ಣಾ, ತುಂಬಾ ಥ್ಯಾಂಕ್ಸ್. ಹೊರಡುವ ದಿನ ತೆಗೆದ ವಿಡಿಯೊ ಇವತ್ತು ನಿಧಾನವಾಗಿ ನೋಡಿದೆ. ಹಿಂದಿನ ರೂಮಿನ ಹೊರಗೋಡೆ ಒಂದಕ್ಕೇ ಇದೆ. ಉಳಿದ ಮೂರು ಗೋಡೆ ಚೆನ್ನಾಗಿವೆ. ಕೆಳಗಿನಿಂದ ಸುಮಾರು ಮೂರು ಅಡಿ ತನಕ ಕಪ್ಪು, ಮೇಲೆ ಒಂದು ಅಂಕುಡೊಂಕು ಗೆರೆ. ಬಲಮೂಲೆಯಲ್ಲಿ ಪೇಂಟ್ ಹಪ್ಪಳದ ಹಾಗೆ ಎದ್ದಿದೆ. ಬಿಳಿ ಪುಡಿಯೂ ಇತ್ತು. ಅದನ್ನು ನಾನು ಸುಣ್ಣ ಅಂದುಕೊಂಡು ಎಷ್ಟೋ ಸಲ ಗುಡಿಸಿದ್ದೇನೆ! ಹೊರಗೆ ಅದೇ ಮೂಲೆಯಲ್ಲಿ ಸೂರಿನ ದೋಣಿ ಬಾಗಿದೆ, ನೀರು ಗೋಡೆಗೇ ಬೀಳುತ್ತದೆ.

ಬಟ್ಟೆ ಹಗ್ಗ ಕಟ್ಟಿದ್ದು ಹಾಲ್‌ನಲ್ಲಿ, ಆ ರೂಮಿನಲ್ಲಿ ಅಲ್ಲವೇ ಅಲ್ಲ.

ಗಾರೆ ಕೆಲಸ

ಹಾಗಾದರೆ ಸ್ಪಷ್ಟ ಅಲ್ವಾ. ಹಾಲ್‌ನಲ್ಲಿ ಬಟ್ಟೆ ಒಣಗಿಸಿ ಹಿಂದಿನ ರೂಮಿನ ಬುಡ ಒದ್ದೆಯಾಗುವುದು ಹೇಗೆ? ದೋಣಿ ಸರಿಮಾಡದೆ ಆ ಗೋಡೆಗೆ ಎಷ್ಟು ಸಲ ಪೇಂಟ್ ಹೊಡೆದರೂ ಮುಂದಿನ ಮಳೆಗೆ ಮತ್ತೆ ಏಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ ಊರು ಅದು. ಓನರಿಗೂ ಇದನ್ನು ಹೇಳಿ. ಅವರ ದುಡ್ಡೂ ಸುಮ್ನೆ ಹೋಗುತ್ತದೆ.

ಇನ್ನೊಂದು ವಿಷಯ. ಪೇಂಟಿಂಗ್‌ಗೆ 9,000 ಹಿಡಿದಿದ್ದಾರೆ ಅಂದಿರಿ. ಪೇಂಟ್ ಮಾಡುವವನು ಮೊದಲು ಮಾಡುವ ಕೆಲಸವೇ ಗೋಡೆ ಕೆರೆದು, ಬೂಷ್ಟು ತೊಳೆದು, ಪ್ರೈಮರ್ ಹೊಡೆಯುವುದು. ಅದೇ ಗೋಡೆ ತೊಳೆದದ್ದಕ್ಕೆ ಕ್ಲೀನಿಂಗ್‌ನಲ್ಲೂ ದುಡ್ಡು ಹಾಕಿದರೆ ಒಂದೇ ಕೆಲಸಕ್ಕೆ ಎರಡು ಸಲ ಕೊಟ್ಟ ಹಾಗೆ.

ಕೋರ್ಟು ರಸ್ತೆ

ವಕೀಲಿಕೆ ಮಾಡುತ್ತೇನೆ. ಕಾನೂನಿನ ಭಾಗ ಹೇಳುತ್ತೇನೆ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆ. ಆದರೆ ಅದರ ಪಟ್ಟಿಯಲ್ಲಿರುವ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದರೆ ಅದು ಅನ್ವಯಿಸುವುದಿಲ್ಲ. ನಿಮ್ಮ ಮನೆ 9,000. ಹಾಗಾಗಿ ನಿಮ್ಮದು ನಿಲ್ಲುವುದು ನಿಮ್ಮ ಅಗ್ರಿಮೆಂಟ್ ಮೇಲೆ, ಜೊತೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು 1872ರ ಕರಾರು ಕಾಯ್ದೆಯ ಮೇಲೆ.

ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್‌ನ ಎಮ್ ಕಲಂ ನಿಮಗೆ ಮುಖ್ಯ. ಬಾಡಿಗೆದಾರರು ಮನೆಯನ್ನು ತಾವು ಬಂದಾಗ ಇದ್ದಂಥ ಸ್ಥಿತಿಯಲ್ಲೇ ವಾಪಸ್ ಕೊಡಬೇಕು ಅನ್ನುತ್ತದೆ. ಆದರೆ ಎರಡನ್ನು ಹೊರಗಿಟ್ಟಿದೆ. ಸಹಜ ಬಳಕೆಯಿಂದ ಆಗುವ ಸವೆತ, ಮತ್ತು ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆ. ಮೂರೂವರೆ ವರ್ಷದಲ್ಲಿ ಬಣ್ಣ ಮಾಸುವುದು ಸವೆತ. ಅಡುಗೆಮನೆಯ ಜಿಡ್ಡು ಉಜ್ಜದೆ ಬಿಡುವುದು ಸವೆತ ಅಲ್ಲ. ದೋಣಿ ಸೋರಿ ಗೋಡೆ ನೆನೆದದ್ದು ನಿಮ್ಮ ತಪ್ಪು ಅನ್ನುವುದಕ್ಕೆ ಆಧಾರವೇ ಇಲ್ಲ. ನೀವು ಹಾಳು ಮಾಡಿದಿರಿ ಅಂತ ಹೇಳುವವರೇ ಅದನ್ನು ತೋರಿಸಬೇಕು.

ಕರಾರು ಕಾಯ್ದೆಯ 73, 74ನೇ ಸೆಕ್ಷನ್‌ಗಳ ಸಾರ ಇಷ್ಟು: ಕರಾರು ಮುರಿದದ್ದರಿಂದ ಆದ ನಷ್ಟಕ್ಕೆ ನ್ಯಾಯವಾದ ಪರಿಹಾರ ಸಿಗುತ್ತದೆ. ಅಗ್ರಿಮೆಂಟಲ್ಲಿ ಒಂದು ಮೊತ್ತ ಬರೆದಿದ್ದರೂ ಅದು ಮಿತಿ. ಅಷ್ಟನ್ನೂ ಕಣ್ಣು ಮುಚ್ಚಿ ಹಿಡಿಯಬಹುದು ಅಂತ ಅಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂದಿದೆ. ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾಯ್ದೆ ಮಾಡಿಕೊಂಡರೆ ಮಾತ್ರ ಜಾರಿ. ಹಾಗಾಗಿ ಅದನ್ನು ಹಿಡಿದು ಹಕ್ಕು ಅಂತ ಕೇಳಬೇಡಿ. ಆದರೆ ಯಾವ ಕೆಲಸ ಯಾರದು ಅಂತ ಅದರಲ್ಲಿ ಒಂದು ಪಟ್ಟಿ ಇದೆ. ಗೋಡೆಗೆ ಸುಣ್ಣಬಣ್ಣ, ಕಟ್ಟಡದ ರಿಪೇರಿ ಓನರ್ ಕಡೆ. ಚರಂಡಿ ಕ್ಲೀನ್ ಮಾಡುವುದು, ನಲ್ಲಿ ವಾಷರ್, ಅಂಗಳ ತೋಟ ನೋಡಿಕೊಳ್ಳುವುದು ಬಾಡಿಗೆದಾರರ ಕಡೆ. ಕೂತು ಮಾತಾಡುವಾಗ ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ.

ಒಂದು ಪ್ರಶ್ನೆ. ಗೋಡೆ ಒದ್ದೆ ಆಗುತ್ತಿದೆ ಅಂತ ಓನರಿಗೆ ಯಾವತ್ತಾದರೂ ಬರೆದು ತಿಳಿಸಿದ್ದಿರಾ? ಬಾಯಲ್ಲಿ ಹೇಳಿದ್ದಲ್ಲ, ಮೆಸೇಜ್‌ನಲ್ಲಿ?

ನಾಪೋಕ್ಲು ನರ್ಸ್

ಟೈಲ್ಸ್ ಬಗ್ಗೆ ಒಂದು ಮಾತು. ಕೆಂಪು ಕಲೆ ಇದ್ದರೆ ಅದು ಎಷ್ಟೋ ಸಲ ನೀರಿನ ಕಬ್ಬಿಣದ ಕಲೆ. ನಮ್ಮ ಬೋರ್‌ವೆಲ್ ನೀರಲ್ಲಿ ಹೊಸ ಬಕೆಟ್ ಆರು ತಿಂಗಳಲ್ಲಿ ಕೆಂಪಾಗುತ್ತದೆ. ಅದು ಕೊಳೆ ಅಲ್ಲ.

ಮತ್ತೆ ಯಾರಾದರೂ ಮನೆ ಬಿಡುವ ಗಡಿಬಿಡಿಯಲ್ಲಿ ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ಆಸಿಡ್ ಒಟ್ಟಿಗೆ ಹಾಕಿ ಉಜ್ಜಬೇಡಿ, ದಯವಿಟ್ಟು. ಕ್ಲೋರಿನ್ ಗಾಳಿ ಏಳುತ್ತದೆ, ಬಾಗಿಲು ಮುಚ್ಚಿದ ಬಾತ್‌ರೂಮಲ್ಲಿ ಉಸಿರು ಕಟ್ಟುತ್ತದೆ. ಹಾಗೆ ಮಾಡಿಕೊಂಡು ಬಂದವರನ್ನು ನಾನೇ ನೋಡಿದ್ದೇನೆ.

ಮಡಿಕೇರಿ ಟೀಚರ್ · ಆಗಸ್ಟ್ 4, ರಾತ್ರಿ

ಸಿಕ್ಕಿತು! ವಕೀಲರು ಕೇಳಿದ ಮೇಲೆ ವಾಟ್ಸಾಪ್‌ನಲ್ಲಿ ಹಿಂದೆ ಹಿಂದೆ ಹೋಗಿ ಹುಡುಕಿದೆ. 2022ರ ಜುಲೈನಲ್ಲಿ ನಾನು ಕಳಿಸಿದ್ದು: "ಆಂಟಿ, ಹಿಂದಿನ ರೂಮಿನ ಗೋಡೆ ಕೆಳಗೆ ಒದ್ದೆ ಆಗ್ತಿದೆ. ದೋಣಿ ನೀರು ಗೋಡೆಗೇ ಬೀಳ್ತಿದೆ." ಜೊತೆಗೆ ಎರಡು ಫೋಟೊ. ಅವರ ಉತ್ತರ: "ಮಳೆ ಬಿಡ್ಲಿ ಟೀಚರ್. ದಸರಾ ಕಳೆದ ಮೇಲೆ ಮೇಸ್ತ್ರಿ ಕರೆಸ್ತೀನಿ."

ಅದಾದ ಮೇಲೆ ಮೂರು ದಸರಾ ಆಯಿತು. ದಸರಾದ ದಶಮಂಟಪ ಮೆರವಣಿಗೆ ನೋಡಲು ನಾವಿಬ್ಬರೂ ಒಟ್ಟಿಗೇ ಹೋಗಿದ್ದೆವು. ಗೋಡೆ ವಿಷಯ ನಾನೂ ಮರೆತೆ, ಅವರೂ ಮರೆತರು.

ಪಕ್ಕದ ಮನೆಯವರು ಇನ್ನೊಂದು ಹೇಳಿದರು. ಆಂಟಿಯ ಮಗ ಆ ಮನೆಯನ್ನು ಹೋಮ್‌ಸ್ಟೇ ಮಾಡುತ್ತಾರಂತೆ. ಅದಕ್ಕೇ ಇಷ್ಟು ಖರ್ಚು ಇರಬಹುದಾ?

ತೋಟದಮನೆ, ವಿರಾಜಪೇಟೆ

ಇರಬಹುದು. ಪ್ರವಾಸಿಗರಿಗೆ ಕೊಡುವ ಮನೆ ಬೇರೆ, ಸಂಸಾರಕ್ಕೆ ಕೊಡುವ ಮನೆ ಬೇರೆ. ಹೊಳೆಯುವ ನೆಲ ಬೇಕು, ವಾಸನೆ ಇರಬಾರದು. ಮನೆಯನ್ನು ಮೊದಲಿಗಿಂತ ಚೆಂದ ಮಾಡಿಕೊಳ್ಳುವುದು ಓನರ್ ಖರ್ಚು, ಇದನ್ನು ನಾನು ಓನರ್ ಆಗಿಯೇ ಹೇಳುತ್ತೇನೆ. ಆದರೆ ಹೋಮ್‌ಸ್ಟೇ ಮಾತು ನೀವಾಗಿ ಎತ್ತಬೇಡಿ. ಪಕ್ಕದ ಮನೆಯವರಿಗೆ ಕಷ್ಟ ಆಗುತ್ತದೆ, ಆಂಟಿಗೂ ಚುಚ್ಚಿದ ಹಾಗೆ ಆಗುತ್ತದೆ. ಬಿಲ್ ಕೇಳಿ ಸಾಕು, ಇದ್ದರೆ ಅದರಲ್ಲೇ ಕಾಣುತ್ತದೆ.

ಸೋಮವಾರಪೇಟೆ ಹುಡುಗ

ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಬೇಗ ಆಗಲ್ವಾ? ಇಲ್ಲಾಂದ್ರೆ ಗ್ರಾಹಕರ ಕೋರ್ಟು?

ಕೋರ್ಟು ರಸ್ತೆ

ಇದು ಸಿವಿಲ್ ವಿಷಯ, ಪೊಲೀಸರು ದುಡ್ಡು ವಸೂಲಿ ಮಾಡಿಕೊಡುವುದಿಲ್ಲ. ಬರೀ ಮನೆ ಬಾಡಿಗೆಗೆ ಕೊಟ್ಟದ್ದನ್ನು ಗ್ರಾಹಕ ಸೇವೆ ಅಂತ ವಾದಿಸಿ ಗೆಲ್ಲುವುದೂ ಸುಲಭ ಅಲ್ಲ.

ಮೊದಲು ಶಾಂತವಾಗಿ ಒಂದು ಬರಹ ಕಳಿಸಿ. ಆಗದಿದ್ದರೆ ಅದೇ ವಿಷಯದ ನೋಟಿಸ್, ಸ್ಪೀಡ್ ಪೋಸ್ಟ್‌ನಲ್ಲಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಆಗದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸ್ ಹಾಕುವ ಮುಂಚೆಯೇ ಇಬ್ಬರನ್ನೂ ಕರೆದು ರಾಜಿ ಮಾಡಿಸುತ್ತಾರೆ. ಇಂಥ ರಾಜಿ ನಡೆಯುವ ಲೋಕ ಅದಾಲತ್‌ಗೆ ಕೋರ್ಟ್ ಫೀಸ್ ಇಲ್ಲ, ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ, ಅಂದರೆ ಕೋರ್ಟು ಕೊಟ್ಟ ತೀರ್ಪಿನಷ್ಟೇ ಬೆಲೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100. ದುಡ್ಡು ವಸೂಲಿ ದಾವೆಗೆ ಮೂರು ವರ್ಷ ಸಮಯ ಇದೆ, ಗಾಬರಿ ಬೇಡ.

ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ಸಾಲದು, ಫೋನ್‌ನಲ್ಲಿ ಮೂಲ ಮೆಸೇಜ್ ಇರಲಿ.

ಮಡಿಕೇರಿ ಟೀಚರ್ · ಆಗಸ್ಟ್ 6

ಇವತ್ತು ಬೆಳಿಗ್ಗೆ ಕಳಿಸಿದ್ದನ್ನು ಹಾಗೇ ಹಾಕುತ್ತಿದ್ದೇನೆ. ಬೇರೆಯವರಿಗೂ ಬೇಕಾಗಬಹುದು.

"ಆಂಟಿ, ನಮಸ್ಕಾರ. ಪೇಂಟಿಂಗ್ 9,000 ನನಗೆ ಒಪ್ಪಿಗೆ. ಅಂಗಳದ ಕಳೆ 2,000 ಕೂಡ ಒಪ್ಪಿಗೆ, ಕೊನೆಯ ಎರಡು ತಿಂಗಳು ಮಳೆಯಲ್ಲಿ ನಾನು ಅದನ್ನು ನೋಡಲಿಲ್ಲ, ಅದು ನನ್ನದೇ. ಕ್ಲೀನಿಂಗ್ 14,000 ಮತ್ತು ಟೈಲ್ಸ್ 2,500ಕ್ಕೆ ಯಾವ ಕೆಲಸಕ್ಕೆ ಎಷ್ಟು ಅಂತ ಬರೆದಿರುವ ಬಿಲ್ ಕಳಿಸಿ. ಹಿಂದಿನ ರೂಮಿನ ಗೋಡೆ ಬಗ್ಗೆ 2022ರ ಜುಲೈನಲ್ಲೇ ನಿಮಗೆ ಫೋಟೊ ಕಳಿಸಿದ್ದೆ, ಅದನ್ನು ಮತ್ತೆ ಇಲ್ಲಿ ಹಾಕಿದ್ದೇನೆ. ದೋಣಿ ನೀರು ಗೋಡೆಗೆ ಬೀಳುತ್ತಿರುವುದರಿಂದ ಅದು ಒದ್ದೆ ಆಗಿದೆ, ಬಟ್ಟೆಯಿಂದ ಅಲ್ಲ. ಬಿಲ್ ನೋಡಿ ನನ್ನ ಪಾಲಿನದು ಏನಿದೆಯೋ ಅದನ್ನು ಕೊಡುತ್ತೇನೆ. ಉಳಿದದ್ದು 15 ದಿನದೊಳಗೆ ವಾಪಸ್ ಹಾಕಿ. ಭಾನುವಾರ ಮಡಿಕೇರಿಗೆ ಬರುತ್ತೇನೆ, ಒಟ್ಟಿಗೆ ಗೋಡೆ ನೋಡೋಣ."

ಕಳೆ ವಿಷಯ ಒಪ್ಪಿಕೊಂಡದ್ದು ವಕೀಲರು ಹೇಳಿದ ಪಟ್ಟಿ ನೋಡಿ. ನಿಜವಾಗಿಯೂ ಅಂಗಳದಲ್ಲಿ ಮೊಣಕಾಲುದ್ದ ಬೆಳೆದಿತ್ತು.

ಕುಶಾಲನಗರದವ

ಅಕ್ಕ, ನಿಮ್ಮದನ್ನು ನೀವೇ ಮೊದಲು ಒಪ್ಪಿಕೊಂಡದ್ದು ಒಳ್ಳೇದಾಯ್ತು. ಇನ್ನು ಅವರು ಸುಮ್ನೆ ಬಯ್ಯೋಕಾಗಲ್ಲ.

ಮಡಿಕೇರಿ ಟೀಚರ್ · ಆಗಸ್ಟ್ 11

ನಿನ್ನೆ ಹೋಗಿದ್ದೆ. ಮಳೆ ಜೋರಾಗಿತ್ತು, ಅದೇ ಒಳ್ಳೇದಾಯಿತು.

ಬಿಲ್ ಮಗನ ಹತ್ತಿರ ಇತ್ತು, ತೋರಿಸಿದರು. ಕೆಂಪು ನೆಲಕ್ಕೆ ಪಾಲಿಶ್ 6,000. ಗೋಡೆಯ ಬೂಷ್ಟು 5,000. ಅಡುಗೆಮನೆ 2,000. ಕಿಟಕಿ ಗಾಜು 1,000. ಆಂಟಿ ಆ ಬಿಲ್ ನೋಡಿಯೇ ಇರಲಿಲ್ಲ. ಮಗ ಹೇಳಿದ ಒಟ್ಟು ಮೊತ್ತವನ್ನು ನನಗೆ ಹೇಳಿದ್ದರು ಅಷ್ಟೆ. "ಪಾಲಿಶ್ ನಾವು ಮಾಡಿಸಿಕೊಂಡದ್ದಲ್ವೇನೋ, ಟೀಚರಿಗೆ ಯಾಕೆ ಹಾಕಿದೆ?" ಅಂತ ಅವರೇ ಮಗನನ್ನು ಕೇಳಿದರು.

ಗೋಡೆಯ ಹತ್ತಿರ ಮೂರೂ ಜನ ನಿಂತೆವು. ತೊಳೆದು ಹತ್ತು ದಿನ ಆಗಿಲ್ಲ, ಬುಡದಲ್ಲಿ ಮತ್ತೆ ನೀರಿನ ನೆರಳು ಏರಿತ್ತು. ಬಟ್ಟೆ ಇಲ್ಲ, ಜನ ಇಲ್ಲ, ಮನೆ ಖಾಲಿ. ಆಂಟಿ ಅಂಗೈ ಇಟ್ಟು ನೋಡಿದರು, ಕೈ ಒದ್ದೆ ಆಯಿತು. ಕಿಟಕಿಯಿಂದ ಬಗ್ಗಿ ನೋಡಿದರೆ ದೋಣಿ ನೀರು ಧಾರೆಯಾಗಿ ಗೋಡೆಗೆ ಬಡಿಯುತ್ತಿತ್ತು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ನೀವು ಅವತ್ತೇ ಹೇಳಿದ್ರಿ" ಅಂದರು.

ಅಡುಗೆಮನೆ 2,000 ಕೊಡುತ್ತೇನೆ ಅಂದೆ. ಒಲೆ ಹಿಂದಿನ ಟೈಲ್ಸ್ ಸಂದಿಯ ಜಿಡ್ಡು ನಮ್ಮಿಂದ ಹೋಗಿರಲಿಲ್ಲ, ನನಗೆ ಗೊತ್ತು. ಟೈಲ್ಸ್ ಬಗ್ಗೆ ಮಗ ಸ್ವಲ್ಪ ವಾದ ಮಾಡಿದರು. ಅವರದೇ ಮನೆಯ ಬಾತ್‌ರೂಮಲ್ಲಿ ಅದೇ ಬೋರ್‌ವೆಲ್ ನೀರು, ಅದೇ ಕೆಂಪು ಕಲೆ ಇದೆ ಅಂತ ಆಂಟಿಯೇ ಹೇಳಿದ ಮೇಲೆ ಬಿಟ್ಟರು.

ಪೇಂಟಿಂಗ್ 9,000, ಅಂಗಳ 2,000, ಅಡುಗೆಮನೆ 2,000. ಒಟ್ಟು 13,000 ನನ್ನದು. ಉಳಿದ 14,500 ಅಲ್ಲೇ ಫೋನಲ್ಲಿ ಹಾಕಿದರು. ಎಲ್ಲ ಲೆಕ್ಕ ಮುಗಿಯಿತು ಅಂತ ಇಬ್ಬರೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದೆವು. ಕಾಫಿ ಕುಡಿದು ಬಂದೆ.

ಗಾರೆ ಕೆಲಸ

ಸಂತೋಷ. ದೋಣಿ ಸರಿಮಾಡಿಸಲು ಹೇಳಿದಿರಾ? ಅದರ ಜೊತೆ ಗೋಡೆ ಪೂರ್ತಿ ಒಣಗುವ ತನಕ ಪೇಂಟ್ ಹೊಡೆಸಬೇಡಿ ಅನ್ನಿ. ಮಳೆ ಬಿಟ್ಟು ಎರಡು ಮೂರು ತಿಂಗಳು ಬಿಸಿಲು ಬೀಳಲಿ.

ಮಡಿಕೇರಿ ಟೀಚರ್

ಹೇಳಿದೆ ಅಣ್ಣಾ. ಈ ಸಲ ದಸರಾ ಕಳೆಯುವುದನ್ನು ಕಾಯುವುದಿಲ್ಲ, ಮಳೆ ಬಿಡುವು ಕೊಟ್ಟ ದಿನವೇ ದೋಣಿ ಕೆಲಸ ಅಂದರು ಮಗ.

ಸೋಮವಾರಪೇಟೆ ಹುಡುಗ

ಮೇಡಂ, ನಾನು ಮುಂದಿನ ತಿಂಗಳು ಮಡಿಕೇರಿಯಲ್ಲಿ ಮನೆ ಹಿಡಿಯುತ್ತಿದ್ದೇನೆ. ಹೋದ ದಿನವೇ ಏನೇನು ಫೋಟೊ ತೆಗೆದುಕೊಳ್ಳಲಿ?

ಮಡಿಕೇರಿ ಟೀಚರ್

ಸಾಮಾನು ಇಳಿಸುವ ಮುಂಚೆ ತೆಗೆಯಿರಿ ತಮ್ಮಾ. ಹೊರಗೋಡೆಗಳ ಬುಡ, ನೆಲದಿಂದ ಸೊಂಟದ ತನಕ. ಬೀರು ಇಡುವ ಜಾಗದ ಹಿಂದಿನ ಗೋಡೆ. ಸೂರಿನ ದೋಣಿ, ಹೊರಗಿನಿಂದ. ಒಲೆ ಹಿಂದಿನ ಟೈಲ್ಸ್ ಸಂದಿ. ಬಾತ್‌ರೂಮಲ್ಲಿ ನಲ್ಲಿ ಕೆಳಗಿನ ಕಲೆ. ಅಂಗಳ ಇದ್ದರೆ ಅದೂ. ನೀವು ಹೋಗುವುದು ಸೆಪ್ಟೆಂಬರಲ್ಲಿ, ಗೋಡೆ ನೆನೆದೇ ಇರುತ್ತದೆ, ಒಳ್ಳೇದೇ. ನಾನು ಬಂದದ್ದು ಫೆಬ್ರವರಿ ಬಿಸಿಲಲ್ಲಿ, ಹೊಸ ಪೇಂಟ್ ಹೊಡೆದಿದ್ದರು, ಎಲ್ಲ ಬೆಳ್ಳಗೆ ಕಂಡಿತ್ತು. ತೆಗೆದದ್ದನ್ನೆಲ್ಲ ಅವತ್ತೇ ಓನರಿಗೆ ವಾಟ್ಸಾಪ್‌ನಲ್ಲಿ ಕಳಿಸಿ, "ಬಂದಾಗ ಹೀಗಿತ್ತು" ಅಂತ ಒಂದು ಸಾಲು ಬರೆಯಿರಿ. ಮೊದಲ ಮಳೆಗಾಲದಲ್ಲಿ ಇನ್ನೊಂದು ಸಲ ತೆಗೆದು ಕಳಿಸಿ.